ಚೆಂಡು ನೋಡದ ಶಿವಕುಮಾರ್

"ಒಂದೇ ತಿಂಗಳು ಕಣೇ. ಭದ್ರಾವತಿಯವರ ಜೊತೆ ಮ್ಯಾಚ್ ಇದೆಯಲ್ಲ, ಅಷ್ಟರಲ್ಲಿ ನಿಮ್ಮ ಲೋಹಿತ್ ಸರ್ರೇ ನನ್ನ ಹತ್ರ ಪಾಠ ಹೇಳಿಸ್ಕೋಬೇಕು, ಹಾಗೆ ಆಡ್ತೀನಿ."

ಶಿವಕುಮಾರ್ ಹೆಂಡತಿಯ ಮುಂದೆ ಹೀಗೆ ಘೋಷಿಸಿದ್ದು ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು. ಶಿವಮೊಗ್ಗದಲ್ಲಿ ನಲ್ಲಿ, ಪೈಪು, ಏಣಿ ಮಾರುವ ಅಂಗಡಿ ಇಟ್ಟಿರುವ ನಲವತ್ತಾರರ ಈ ಮಹಾಶಯ ಅಲ್ಲಿಯವರೆಗೆ ಬ್ಯಾಸ್ಕೆಟ್‌ಬಾಲನ್ನು ಮುಟ್ಟಿಯೂ ನೋಡಿರಲಿಲ್ಲ.

ಸುಮನಾ ತೂಕ ಇಳಿಸಲೆಂದು ಬ್ಯಾಸ್ಕೆಟ್‌ಬಾಲಿನ ಬೆಳಗಿನ ಬ್ಯಾಚಿಗೆ ಸೇರಿ ಮೂರು ವಾರವಾಗಿತ್ತು. ತೂಕ ಇಳಿಯಿತೋ ಇಲ್ಲವೋ, ಮನೆಯಲ್ಲಿ ಕೋಚ್ ಲೋಹಿತನ ಹೆಸರಂತೂ ಏರಿತು. "ಕೈ ಅಂದ್ರೆ ಅವರದ್ದು ಕಣ್ರೀ. ಚೆಂಡು ಸಾಕಿದ ನಾಯಿ ಥರ ಹಿಂದೆ ಬರುತ್ತೆ" ಎಂದಳು ಒಂದು ದಿನ. ಇಪ್ಪತ್ತು ವರ್ಷದ ಸಂಸಾರದಲ್ಲಿ ಗಂಡನ ಕೈಯ ಬಗ್ಗೆ ಅವಳು ಆಡಿದ್ದು ಒಂದೇ ಮಾತು, "ತೊಳ್ಕೊಂಡು ಬನ್ನಿ." ಶಿವಕುಮಾರನಿಗೆ ಹೊಟ್ಟೆ ಉರಿಯಿತು. ಅವಳ ಬಾಯಿಂದ ತನ್ನ ಕೈಗೂ ಒಂದು ಹೊಗಳಿಕೆ ಬರಲೇಬೇಕೆಂದು ಅವನೂ ಬ್ಯಾಚಿಗೆ ಸೇರಿದ.

ಮೊದಲ ಪಾಠ ಡ್ರಿಬ್ಲಿಂಗ್. ಒಂದೇ ಕೈಯಲ್ಲಿ ಚೆಂಡನ್ನು ನೆಲಕ್ಕೆ ಪುಟಿಸುತ್ತ ಓಡಬೇಕು. "ಚೆಂಡು ನೋಡ್ಬೇಡಿ ಸರ್, ತಲೆ ಎತ್ತಿ" ಎಂದ ಲೋಹಿತ್. ನೋಡದೆ ಪುಟಿಸುವುದು ಹೇಗೆ? ಶಿವಕುಮಾರ್ ಕಣ್ಣರಳಿಸಿ ನೋಡಿದ. ಚೆಂಡು ಅವನ ಕಾಲಿಗೇ ಬಡಿದು ಗೇಟು ದಾಟಿತು.

ಛಲ ಬಿಡದೆ ಮನೆಯಲ್ಲೂ ಪುಟಿಸಿದ, ನೋಡಿಕೊಂಡೇ ಪುಟಿಸಿದ. ಚೆಂಡು ಸೋಫಾಕ್ಕೆ ಬಡಿದು, ಕ್ಯಾಲೆಂಡರ್ ಬೀಳಿಸಿ, ಅಡುಗೆಮನೆಗೆ ನುಗ್ಗಿ, ದೋಸೆ ಹಿಟ್ಟಿನ ಪಾತ್ರೆಯಲ್ಲಿ ಕುಳಿತಿತು.

"ಇದೇನು ನಿಮ್ಮ ಬುಟ್ಟಿನೇನ್ರೀ?" ಎಂದಳು ಸುಮನಾ, ಮುಖದ ಹಿಟ್ಟು ಒರೆಸಿಕೊಳ್ಳುತ್ತ.

"ಗುರಿ ನೋಡಿದ್ಯಾ?" ಎಂದ. ಆ ದಿನ ಮನೆಯಲ್ಲಿ ದೋಸೆಯೂ ಇಲ್ಲ, ಮಾತೂ ಇಲ್ಲ.

ನಾಲ್ಕನೆಯ ದಿನ ಕೋರ್ಟಿನ ಆ ತುದಿಯಲ್ಲಿ ಲೋಹಿತ್ ಏನೋ ಹೇಳಿದ, ಸುಮನಾ ನಕ್ಕಳು. ನಗುವಂಥಾದ್ದು ಏನು ಹೇಳಿದ? ಶಿವಕುಮಾರ್ ಕಣ್ಣನ್ನು ಅವರ ಮೇಲೇ ನೆಟ್ಟು, ಚೆಂಡು ಪುಟಿಸುತ್ತಲೇ ಇಡೀ ಕೋರ್ಟು ದಾಟಿ, ಇಬ್ಬರ ನಡುವೆ ಹೋಗಿ ನಿಂತ.

"ಎಲ್ಲರೂ ನೋಡ್ರಪ್ಪಾ, ಸರ್ ಒಂದ್ಸಲನೂ ಚೆಂಡು ನೋಡ್ಲಿಲ್ಲ" ಎಂದು ಲೋಹಿತ್ ಚಪ್ಪಾಳೆ ತಟ್ಟಿದ.

ಅಂದಿನಿಂದ ಸುಮನಾಳ ನಗು ಹೆಚ್ಚಿತು. ಅವಳು ಎಡಕ್ಕೆ ಹೋಗಿ ನಕ್ಕರೆ ಚೆಂಡು ಶಿವಕುಮಾರನ ಎಡಗೈಗೆ, ಬಲಕ್ಕೆ ಹೋಗಿ ನಕ್ಕರೆ ಬಲಗೈಗೆ. ಹೊಟ್ಟೆಕಿಚ್ಚು ಏರಿದಷ್ಟೂ ಆಟ ಸುಧಾರಿಸಿತು. ಮ್ಯಾಚಿಗೂ ಆಯ್ಕೆಯಾದ.

ಮ್ಯಾಚಿನ ಭಾನುವಾರ ಭದ್ರಾವತಿಯಲ್ಲಿ ಬಸ್ಸಿಳಿದ ಸುಮನಾ, "ನೀವು ಆಡ್ತಿರಿ, ಆಮೇಲೆ ಬರ್ತೀನಿ" ಎಂದು ಓಲ್ಡ್ ಟೌನಿನಲ್ಲಿರುವ ಅಕ್ಕನ ಮನೆಗೆ ಹೋದಳು. ಲೋಹಿತ್ ಬೆಂಚಿನ ಮೇಲೆ ಒಬ್ಬನೇ ಕುಳಿತ. ಶಿವಕುಮಾರನ ಮನಸ್ಸು ನಿರಾಳವಾಯಿತು. ನೆಮ್ಮದಿಯಾಗಿ ಚೆಂಡು ನೋಡಿದ. ನೋಡಿದ್ದೇ ತಡ, ಭದ್ರಾವತಿಯವರು ಕಸಿದುಕೊಂಡರು. ಒಂದಲ್ಲ, ಏಳು ಸಲ.

ವಿರಾಮದಲ್ಲಿ ಲೋಹಿತ್ ಗೋಡೆಯ ಕಡೆ ತಿರುಗಿ ಫೋನಿನಲ್ಲಿ ಪಿಸುಗುಟ್ಟಿದ. ಹತ್ತೇ ನಿಮಿಷದಲ್ಲಿ ಆಟೋದಿಂದಿಳಿದ ಸುಮನಾ, ಗಂಡನ ಕಡೆ ತಿರುಗಿಯೂ ನೋಡದೆ, ಸೀದಾ ಹೋಗಿ ಲೋಹಿತ್ ಪಕ್ಕ ಕುಳಿತು ನಗತೊಡಗಿದಳು.

ಮುಂದಿನದನ್ನು ಭದ್ರಾವತಿಯವರನ್ನೇ ಕೇಳಬೇಕು. ಕೆಂಗಣ್ಣನ್ನು ಬೆಂಚಿನ ಮೇಲಿಟ್ಟ ಶಿವಕುಮಾರ್ ನಾಲ್ವರನ್ನು ದಾಟಿಕೊಂಡು ಹೋಗಿ, ಬುಟ್ಟಿಯ ಬಳಿಯಿದ್ದ ಜೊತೆಗಾರ ಪರಶುರಾಮನಿಗೆ ಚೆಂಡು ಕೊಟ್ಟ. ಪರಶುರಾಮ ಬುಟ್ಟಿಗೆ ಹಾಕಿದ. ಮತ್ತೆ ಮತ್ತೆ ಅದೇ ಆಯಿತು. ಶಿವಮೊಗ್ಗ ಗೆದ್ದಿತು.

ವಾಪಸು ಬರುವಾಗ ಬಸ್ಸಿನಲ್ಲಿ ಶಿವಕುಮಾರ್ ತಡೆಯಲಾರದೆ ಕೇಳಿದ. "ಫೋನಲ್ಲಿ ಏನಂದ ಅವನು?"

"ಬೇಗ ಬನ್ನಿ ಅಕ್ಕ, ಸರ್ ಮತ್ತೆ ಚೆಂಡು ನೋಡ್ತಿದ್ದಾರೆ ಅಂದ್ರು." ಸುಮನಾ ಕೆನ್ನೆ ನೀವಿಕೊಂಡಳು. "ಆ ನಾಲ್ಕನೇ ದಿನವೇ ಮಾತಾಡ್ಕೊಂಡ್ವಿ. ನಿಮ್ಮ ತಲೆ ಮೇಲೆತ್ತಿಸೋಕೆ ಬೇರೆ ದಾರಿನೇ ಇರ್ಲಿಲ್ಲ ಮಾರಾಯ್ರೆ. ದಿನಾ ಸುಮ್ಮಸುಮ್ಮನೆ ನಕ್ಕು ನನ್ನ ದವಡೆ ನೋಯ್ತಿದೆ."

ಶಿವಕುಮಾರನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಜೀವ ಬಂದಂತಾಯಿತು. ಮೆಲ್ಲನೆ ಕೇಳಿದ. "ಹಾಗಾದ್ರೆ ನನ್ನ ಕೈ?"

"ಅದು ಮಾತ್ರ ನಿಜ ಕಣ್ರೀ. ಚೆಂಡು ಸಾಕಿದ ನಾಯಿ ಥರ ಹಿಂದೆ ಬರುತ್ತೆ."

ಬಂತು ಹೊಗಳಿಕೆ. ಶಿವಕುಮಾರ್ ಸೀಟಿನಲ್ಲಿ ಎದೆಯುಬ್ಬಿಸಿ ಕುಳಿತ. "ಇನ್ನು ಯಾರ ಮೇಲೂ ಹೊಟ್ಟೆಕಿಚ್ಚು ಪಡಲ್ಲ ಬಿಡು. ನಾಳೆಯಿಂದ ಬುಟ್ಟಿಗೆ ಹಾಕೋದು ಕಲೀತೀನಿ. ಅದಕ್ಕೆ ಎಲ್ಲಿ ನೋಡ್ಬೇಕಂತೆ?"

"ಬುಟ್ಟಿನೇ ನೋಡ್ಬೇಕಂತೆ. ಹತ್ತಡಿ ಮೇಲಿದೆಯಲ್ಲ ಅದು" ಎಂದಳು ಸುಮನಾ. "ನಾವಿಬ್ಬರೂ ಅದರ ಪಕ್ಕ ಹತ್ತಿ ಕೂರೋಕೆ ನಿಮ್ಮ ಅಂಗಡೀಲಿ ಎರಡು ಏಣಿ ಇದ್ಯಾ ಅಂತ ಲೋಹಿತ್ ಕೇಳ್ತಿದ್ರು."