ಡಿಯರ್ ಫ್ರೆಂಡ್‌ಗಳಿಗೆ ಬಾಗಿಲು ಹಾಕಿದ್ದು

ಇಮೇಲ್ ನನ್ನಂಥವನಿಗೆ ಯಾವ ಲೆಕ್ಕ ಎಂದುಕೊಂಡೇ ನಾನು ಅದಕ್ಕೆ ಕೈ ಹಾಕಿದ್ದು. ಹುಕ್ಕೇರಿಯ ಒಂದು ಮದುವೆಯಲ್ಲಿ ಭರಮಾನ ಅಕ್ಕ ಸಿಕ್ಕಿದ್ದರು. ಭರಮಾ ಎಂದರೆ ಕುಲಗೋಡದ ಶಾಲೆಯಲ್ಲಿ ನನ್ನ ಬೆಂಚಿನವನು, ನನ್ನ ಡಬ್ಬಿಯ ರೊಟ್ಟಿಯನ್ನು ನನಗಿಂತ ಮೊದಲು ತಿನ್ನುತ್ತಿದ್ದವನು. ಅವರ ಮನೆಯವರು ಸಾಂಗ್ಲಿ ಕಡೆ ಅಂಗಡಿ ಹಾಕಿ ಹೋದ ಮೇಲೆ ಅವನ ಮುಖ ಕಂಡಿಲ್ಲ.

"ನಿನ್ನ ಫೋನ್ ನಂಬರ್ ಕೊಡೋ ತಮ್ಮಾ, ಅವಗ ಕೊಡತೇನಿ" ಎಂದರು ಅಕ್ಕ.

ಫೋನ್ ನಂಬರು ಯಾರು ಬೇಕಾದರೂ ಕೊಡುತ್ತಾರೆ. ನಾನು ಗತ್ತಿನಿಂದ ಇಮೇಲ್ ವಿಳಾಸ ಬರೆದುಕೊಟ್ಟೆ.

ಅಂದಿನಿಂದ ಗೋಕಾಕದ ನಮ್ಮ ಮನೆಯಲ್ಲಿ ಚಹಾಕ್ಕಿಂತ ಮೊದಲು ಇನ್‌ಬಾಕ್ಸ್ ತೆರೆಯುವುದು ನನ್ನ ನೇಮವಾಯಿತು. ಭರಮಾ ಬರಲಿಲ್ಲ. ಬಂದವರು ಬೇರೆಯವರು: ಸಾಲ ಕೊಡುವವರು, ಕೂದಲು ಬೆಳೆಸುವವರು, ನನ್ನ ಹೆಸರಿಗೆ ಕೋಟಿಗಟ್ಟಲೆ ಬಿಟ್ಟು ಸತ್ತ ಯಾವುದೋ ದೇಶದ ಪುಣ್ಯಾತ್ಮರು. ಎಲ್ಲರದೂ 'ಡಿಯರ್ ಫ್ರೆಂಡ್' ಎಂದೇ ಶುರು.

ನಮ್ಮ ಕಡೆ ಬಾಗಿಲಿಗೆ ಬಂದವರನ್ನು ಚಹಾ ಕುಡಿಸದೆ ಕಳಿಸುವ ಪದ್ಧತಿ ಇಲ್ಲ. ಇವರಿಗೆ ಚಹಾ ಕೊಡಲಾಗದು, ಒಂದು ಮಾತನ್ನಾದರೂ ಆಡಬೇಕಲ್ಲ! ಒಬ್ಬೊಬ್ಬರಿಗೂ ಉತ್ತರ ಬರೆದೆ: 'ನಮಸ್ಕಾರ್ರಿ. ಸದ್ಯಕ್ಕ ಏನೂ ಬ್ಯಾಡ್ರಿ. ಗೋಕಾಕಕ್ಕ ಬಂದ್ರ ಮನಿಗೆ ಬರ್ರಿ.'

ಇಲ್ಲೊಬ್ಬ ಮಾತಾಡುವ ಮನುಷ್ಯ ಇದ್ದಾನೆಂಬ ಸುದ್ದಿ ಲೋಕಕ್ಕೆಲ್ಲ ಮುಟ್ಟಿತು. ಕೂದಲಿನವರು ಬಂಧುಬಳಗ ಸಮೇತ ಬಂದರು.

"ರೀ, ಮಾರಾಕ ಬಂದವ್ರನ್ನ ಯಾರರೆ ಮನಿಗೆ ಕರೀತಾರೇನ್ರಿ?" ಎಂದಳು ಹೆಂಡತಿ ಸುಮಿತ್ರಾ.

ನನಗೆ ಸಿಟ್ಟು ನೆತ್ತಿಗೇರಿತು. ಇಮೇಲಿಗೆ ಒಂದು ಕಟ್ಟಪ್ಪಣೆ ಮಾಡಿದೆ: 'ಡಿಯರ್ ಫ್ರೆಂಡ್' ಎಂದು ಬಂದದ್ದೆಲ್ಲ ನನಗೆ ತೋರಿಸದೆ ನೇರ ಕಸದ ಬುಟ್ಟಿಗೆ. ಭರಮಾನ ಚಿಂತೆ ಇರಲಿಲ್ಲ. ಅವನು ಜನ್ಮದಲ್ಲಿ ನನ್ನನ್ನು ಡಿಯರ್ ಎಂದವನಲ್ಲ, 'ಲೇ ಬಸ್ಯಾ' ಎಂದೇ ಕರೆದವನು.

ಮುಂದಿನ ರವಿವಾರ ಹಳೆಯ ಇಮೇಲುಗಳನ್ನೂ ಅಳಿಸಲು ಕೂತೆ.

"ಬಸ್ ಸ್ಟ್ಯಾಂಡ್ ಕಡೆ ಹೋಗಿ ಕರದಂಟು ತರ್ರಿ, ತವರಮನಿಗೆ ಕಳಸಬೇಕು" ಎಂದಳು ಸುಮಿತ್ರಾ.

"ಕೆಲಸ ಐತಿ. ನಾಳಿ ತರತೇನಿ."

ಇನ್‌ಬಾಕ್ಸ್ ಗುಡಿಸಿದ ಅಂಗಳವಾಯಿತು. ಆಮೇಲೆ ಅಲ್ಲಿಗೆ ಯಾರೂ ಬರಲಿಲ್ಲ. ದಿನಾ ತೆರೆಯುವುದು, ದಿನಾ ಮುಚ್ಚುವುದು. ಬೈಯಲಿಕ್ಕೂ ಯಾರಿಲ್ಲದೆ ಮನಸ್ಸಿಗೆ ಬಿಕೋ ಎನಿಸತೊಡಗಿತು.

ನನ್ನ ಮುಖ ನೋಡಲಾರದೆ ಸುಮಿತ್ರಾ ಹೇಳಿದಳು, "ಆ ಕಸದಾಗೂ ಒಮ್ಮೆ ನೋಡ್ರಿ. ನಾ ಕಳಕೊಂಡ ಮೂಗಬಟ್ಟ ಎಲ್ಲಿ ಸಿಕ್ಕಿತ್ತು ಹೇಳ್ರಿ?"

ನೋಡಿದೆ. ಕೂದಲಿನವರ ನಡುವೆ ಅದು ಇತ್ತು.

'ಡಿಯರ್ ಫ್ರೆಂಡ್, ಇಷ್ಟ ವರ್ಷ ಆದಮ್ಯಾಗ ಲೇ ಅನ್ನಾಕ ಧೈರ್ಯ ಆಗಲಿಲ್ಲ. ನೀ ಇಮೇಲ್ ಇಟ್ಟಿ ಅಂದ್ರ ಭಾಳ ದೊಡ್ಡಾಂವ ಆಗಿರಬೇಕು. ಬರೋ ರವಿವಾರ ಗೋಕಾಕ ಬಸ್ ಸ್ಟ್ಯಾಂಡಿನ್ಯಾಗ ಮಧ್ಯಾಹ್ನದ ತನಕಾ ಕಾಯತೇನಿ. ಭರಮಾ.'

ತಾರೀಖು ನೋಡಿದೆ. ಅವನು ಹೇಳಿದ್ದು ನಾನು ಕರದಂಟು ತರಲು ಹೋಗದ ಅದೇ ರವಿವಾರ. ಅವನು ಅಲ್ಲಿ ಕೂತು ನನ್ನ ದಾರಿ ನೋಡುವಾಗ, ನಾನು ಇಲ್ಲಿ ಕೂತು ಅವನ ದಾರಿಯನ್ನೇ ನೋಡುತ್ತ ಕಸ ಅಳಿಸುತ್ತಿದ್ದೆ. ಅವನನ್ನು ಒಮ್ಮೆ ನೋಡಬೇಕೆಂಬ ಆಸೆ ನನ್ನೊಳಗೆ ಎಷ್ಟಿತ್ತೆಂದು ಆಗಲೇ ತಿಳಿದದ್ದು.

'ಲೇ ಭರಮ್ಯಾ, ನಾ ಏನೂ ದೊಡ್ಡಾಂವ ಆಗಿಲ್ಲೋ. ಇನ್ನೊಮ್ಮೆ ಬಾ' ಎಂದು ಬರೆದು, ಕೆಳಗೆ ಫೋನ್ ನಂಬರು ಹಾಕಿ ಕಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಅವನೂ ನನ್ನಷ್ಟೇ ಜಾಣನಾಗಿದ್ದರೆ ನನ್ನ ಇಮೇಲು ಈಗ ಅವನ ಕಸದ ಬುಟ್ಟಿಯಲ್ಲಿರಬೇಕು.

ಅಪ್ಪಣೆಯನ್ನು ಹಿಂದಕ್ಕೆ ಪಡೆದಿದ್ದೇನೆ. 'ಡಿಯರ್ ಫ್ರೆಂಡ್' ಎಂದು ಬಂದ ಒಂದೊಂದನ್ನೂ ಕೊನೆಯ ಹೆಸರಿನವರೆಗೆ ಬಿಡದೆ ಓದುತ್ತೇನೆ. ಕೂದಲು ಬೆಳೆಸುವ ಎಣ್ಣೆಗಳ ಬಗ್ಗೆ ಇಷ್ಟು ಓದಿಕೊಂಡ ಬೋಳುತಲೆಯವನು ಗೋಕಾಕದಲ್ಲಿ ಇನ್ನೊಬ್ಬನಿಲ್ಲ.