ದಿಮ್ಮಿ ಮನೆಗೆ ನಮ್ಮವರು ಬಂದಾಗ

ನಮ್ಮ ಜನರನ್ನ ಕರ್ಕೊಂಡು ಯಾವುದಾದರೂ ಹಳೇ ಜಾಗ ನೋಡೋಕೆ ಹೋಗಿ ನೋಡಿ, ಏನಾದರೊಂದು ಆಗದೆ ವಾಪಸ್ ಬಂದರೆ ಕೇಳಿ. ನಾನಂತೂ ಏನೂ ಮಾಡೋದಿಲ್ಲ. ಸುಮ್ಮನೆ ಪಕ್ಕದಲ್ಲಿ ನಿಂತಿರ್ತೀನಿ, ಅದರ ಪಾಡಿಗೆ ಅದು ನಡೆದುಹೋಗುತ್ತೆ.

ಡಾಲಸ್ ಹತ್ತಿರದ ಲಾಸ್ ಕೊಲಿನಾಸ್‌ನ ಆಫೀಸಿನಲ್ಲಿ ವರ್ಷಗಟ್ಟಲೆ ಕಂಪ್ಯೂಟರ್ ಮುಂದೆ ಕೂತು ರಿಟೈರ್ ಆದಮೇಲೆ ನಮ್ಮ ಯಜಮಾನರಿಗೆ ಶಾಂತಿ ಬೇಕು ಅನ್ನಿಸಿತು. ಅಲ್ಲೇ ಪಕ್ಕದ ಫ್ಲವರ್ ಮೌಂಡ್‌ನ ಮನೆ ಮಾರಿ, ಆಸ್ಟಿನ್‌ನಿಂದ ಒಂದೂವರೆ ಗಂಟೆ ದೂರದ ಗುಡ್ಡಗಾಡಿನ ಸಣ್ಣ ಊರಿಗೆ ಶಿಫ್ಟ್ ಆದೆವು. ಅವರಿಗೆ ಶಾಂತಿ ಸಿಕ್ಕಿತು. ನನಗೆ ಮಾತಾಡೋಕೆ ಒಂದು ನರಪಿಳ್ಳೆಯೂ ಸಿಗಲಿಲ್ಲ. ಇನ್ನು ಹೀಗೇ ಇದ್ದರೆ ಗೋಡೆ ಜೊತೆ ಮಾತಾಡ್ತೀನಿ ಅನ್ನಿಸಿದಾಗ ಊರಿನ ಮ್ಯೂಸಿಯಮ್ಮಿಗೆ ಹೋಗಿ ಗೈಡ್ ಆಗ್ತೀನಿ ಅಂದೆ.

ಮ್ಯೂಸಿಯಮ್ ಅಂದರೆ ದೊಡ್ಡದೇನಲ್ಲ. ಬಹಳ ಹಿಂದೆ ಮಾರ್ಮನ್ ಅನ್ನೋ ಕ್ರೈಸ್ತ ಪಂಥದ ಕೆಲವು ಕುಟುಂಬಗಳು ಎತ್ತಿನ ಗಾಡಿ ಕಟ್ಟಿಕೊಂಡು ಟೆಕ್ಸಸ್‌ಗೆ ಬಂದವಂತೆ. ಇಲ್ಲಿ ಹೊಳೆ ಪಕ್ಕ ಹಿಟ್ಟಿನ ಗಿರಣಿ ಹಾಕಿದರು, ಪ್ರವಾಹ ಬಂದು ಗಿರಣಿ ಕೊಚ್ಚಿಕೊಂಡು ಹೋಯಿತು, ಒಂದೆರಡು ಮನೆಯವರನ್ನ ಬಿಟ್ಟು ಉಳಿದವರೆಲ್ಲ ಮತ್ತೆ ಗಾಡಿ ಕಟ್ಟಿದರು. ಈಗ ಉಳಿದಿರೋದು ಮರದ ದಿಮ್ಮಿ ಜೋಡಿಸಿ ಕಟ್ಟಿದ ಒಂದು ಮನೆ, ಗಿರಣಿಯ ಕಲ್ಲು, ಪುಟ್ಟ ಸ್ಮಶಾನ, ಅವರ ನೆನಪಿಗೆ ನಿಲ್ಲಿಸಿದ ಒಂದು ಕಂಬ. ನೋಡಿಕೊಳ್ಳೋದು ಆ ಉಳಿದ ಮನೆತನದ ಒಬ್ಬ ಅಜ್ಜಿ. ಎಂಬತ್ತು ದಾಟಿದೆ, ಬೆನ್ನು ಮಾತ್ರ ನೆಟ್ಟಗಿದೆ.

ನಾನು ಸೇರಿದ ದಿನವೇ ಅಜ್ಜಿ ಹೇಳಿದರು, ಯಾರೂ ನೋಡೋಕೆ ಬರೋದಿಲ್ಲ ಅಂತ ಊರಿನ ಸಮಿತಿಯವರು ಜನವರಿ ಕೊನೆಗೆ ಬೀಗ ಹಾಕ್ತಾರೆ, ಸಾಮಾನೆಲ್ಲ ಬೇರೆ ಊರಿನ ದೊಡ್ಡ ಮ್ಯೂಸಿಯಮ್ಮಿನ ಉಗ್ರಾಣಕ್ಕೆ ಹೋಗುತ್ತೆ ಅಂತ. ಅವರ ಅಜ್ಜಿಯ ಅಜ್ಜಿ ಹೆತ್ತದ್ದು ಆ ಮನೆಯಲ್ಲೇ ಅಂತೆ. ಹೇಳ್ತಾ ಹೇಳ್ತಾ ಅಜ್ಜಿ ಬಾಗಿಲ ಚೌಕಟ್ಟು ಸವರಿದರು. ಜನ ತಾನೇ ಬೇಕು, ನಮ್ಮವರನ್ನ ಕರೆಸ್ತೀನಿ ಬಿಡಿ ಅಂದುಬಿಟ್ಟೆ. ಡಾಲಸ್, ಹ್ಯೂಸ್ಟನ್, ಆಸ್ಟಿನ್, ಮೂರೂ ಊರಿನ ಕನ್ನಡ ವಾಟ್ಸಾಪ್ ಗ್ರೂಪುಗಳಿಗೆ ಇತಿಹಾಸ, ಸ್ಮಾರಕ ಅಂತೆಲ್ಲ ಬರೆದು ಹಾಕಿದೆ. ಒಬ್ಬರೂ ಉಸಿರೆತ್ತಲಿಲ್ಲ. ಆಮೇಲೆ, ಊಟ ನಮ್ಮನೇಲಿ, ಬಿಸಿಬೇಳೆಬಾತ್ ಅಂತ ಸೇರಿಸಿದೆ. ಶುರುವಾಯಿತು ನೋಡಿ.

೧. ಹೊಸ್ತಿಲು

ಮೊದಲು ಬಂದಿದ್ದು ಆಸ್ಟಿನ್‌ನ ಒಂದು ಸಂಸಾರ. ಮೈಸೂರಿನಿಂದ ಅತ್ತೆ ಮಾವ ಬಂದಿದ್ದರು, ಅವರನ್ನೂ ಕರ್ಕೊಂಡು ಬಂದರು. ದಿಮ್ಮಿ ಮನೆಯ ಹೊಸ್ತಿಲು ನೋಡಿದ್ದೇ ತಡ, ಅತ್ತೆಯವರು ಚಪ್ಪಲಿ ಬಿಟ್ಟರು. ಅವರು ಬಿಟ್ಟರು ಅಂತ ಮಾವ ಬಿಟ್ಟರು, ಮಗ ಸೊಸೆ ಬಿಟ್ಟರು. ಪಾಪ, ಪಕ್ಕದಲ್ಲಿದ್ದ ಅಮೆರಿಕನ್ ದಂಪತಿ ಅಪರೂಪಕ್ಕೆ ಮ್ಯೂಸಿಯಮ್ ನೋಡೋಕೆ ಬಂದವರು. ಇಲ್ಲಿನ ಪದ್ಧತಿ ಇರಬೇಕು ಅಂದುಕೊಂಡು ಆ ಮನುಷ್ಯ ಮೆಟ್ಟಿಲ ಮೇಲೆ ಕೂತು ಮೊಳಕಾಲುದ್ದದ ಕೌಬಾಯ್ ಬೂಟು ಎಳೆಯೋಕೆ ಶುರುಮಾಡಿದ. ಬರಲಿಲ್ಲ. ಹೆಂಡತಿ ಹಿಡಿದು ಎಳೆದಳು. ಕೊನೆಗೆ ಮೈಸೂರಿನ ಮಾವನವರು ಸೊಂಟಕ್ಕೆ ಶಲ್ಯ ಬಿಗಿದು ಕೈಹಾಕಿದ ಮೇಲೆ ಪಟ್ ಅಂತ ಬಂತು.

ಅಜ್ಜಿ ಒಳಗಿನಿಂದ ಬಂದು ನೋಡಿದರೆ ಮೆಟ್ಟಿಲ ತುಂಬ ಚಪ್ಪಲಿ, ಬೂಟು. ಏನಿದು ಅಂತ ನನ್ನ ಮುಖ ನೋಡಿದರು. ಮನೆಗೆ ಮರ್ಯಾದೆ ಅಂದೆ. ಅಜ್ಜಿ ಒಂದು ಕ್ಷಣ ಯೋಚನೆ ಮಾಡಿ, ಕುರ್ಚಿ ಹಿಡಿದುಕೊಂಡು ತಮ್ಮ ಶೂನೂ ಬಿಚ್ಚಿದರು. ಹುಟ್ಟಿದಾಗಿನಿಂದ ಈ ಮನೆಯೊಳಗೆ ಓಡಾಡ್ತಿದ್ದೀನಿ, ನೆಲ ಇಷ್ಟು ತಣ್ಣಗಿದೆ ಅಂತ ಇವತ್ತೇ ಗೊತ್ತಾಗಿದ್ದು ಅಂದರು. ಬೂಟಿನ ಮನುಷ್ಯ ಮಾತ್ರ ಹೊರಡುವಾಗ ಮತ್ತೆ ಮಾವನವರನ್ನ ಹುಡುಕುತ್ತಿದ್ದ, ಹಾಕಿಕೊಳ್ಳೋಕೂ ಅವರೇ ಬೇಕಾಗಿತ್ತು.

೨. ನಮ್ಮ ಮನಿ ಕಟ್ಟಿ

ಹ್ಯೂಸ್ಟನ್‌ನಲ್ಲಿ ನಮಗೆ ಗೊತ್ತಿರುವ ಒಬ್ಬ ಹೃದಯದ ಡಾಕ್ಟರ್ ಇದ್ದಾರೆ, ವಿಜಾಪುರದ ಕಡೆಯವರು. ರಿಟೈರ್ ಆಗಿದ್ದಾರೆ. ಅವರಿಗೊಂದು ಚಟ. ಈ ದೇಶದಲ್ಲಿ ಯಾರು ಯಾವುದನ್ನ ಹಳೇದು ಅಂದರೂ ಮೈಮೇಲೆ ಇರುವೆ ಬಿಟ್ಟ ಹಾಗೆ ಆಡ್ತಾರೆ. ನನಗೆ ಮೊದಲೇ ಭಯ ಇತ್ತು. ಬೆಳಿಗ್ಗೆಯಿಂದಲೇ, ಡಾಕ್ಟ್ರೇ, ಇವತ್ತೊಂದು ದಿನ ಬಾಯಿ ಬಿಗಿಹಿಡೀರಿ ಅಂತ ಕೈಮುಗಿದಿದ್ದೆ.

ಅಜ್ಜಿ ಗೋಡೆಯ ದಿಮ್ಮಿ ಮುಟ್ಟಿ, ಇದು ಒಂದೂವರೆ ಶತಮಾನಕ್ಕೂ ಹಿಂದಿನದು ಅಂತ ಹೆಮ್ಮೆಯಿಂದ ಹೇಳಿದರು. ನಮ್ಮ ಡಾಕ್ಟರ್ ಹೆಂಡತಿ ಕಡೆ ತಿರುಗಿ ಕನ್ನಡದಲ್ಲಿ, "ಇದೇನ್ ಹಳೇದ ಲೇ, ನಮ್ಮ ಮನಿ ಮುಂದಿನ ಕಟ್ಟಿ ಇದರ ಅಜ್ಜ ಆಗಬೇಕು" ಅಂದರು. ಅವರ ಹೆಂಡತಿ ಮೊಣಕೈಲಿ ತಿವಿದರು. ಅಜ್ಜಿ ಆಸೆಯಿಂದ, ಅವರು ಏನು ಹೇಳಿದರು ಅಂತ ನನ್ನ ಕೇಳಿದರು.

ಏನು ಹೇಳಲಿ ಹೇಳಿ. ಸುಳ್ಳಂತೂ ಹೇಳಲಿಲ್ಲ. ಈ ಮನೆ ನೋಡಿ ಅವರಿಗೆ ಅವರ ಸ್ವಂತ ಮನೆ ನೆನಪಾಯಿತಂತೆ ಅಂದೆ. ಅಜ್ಜಿ ಕರಗಿಹೋದರು. ಎಷ್ಟೋ ವರ್ಷದ ಮೇಲೆ ಇಂಥ ಮನಸ್ಸಿನವರು ಸಿಕ್ಕಿದ್ದಾರೆ ಅಂತ ಡಾಕ್ಟರ ಕೈ ಹಿಡಿದವರು ಬಿಡಲೇ ಇಲ್ಲ. ಬೇರೆಯವರಿಗೆ ತೋರಿಸದ ಅಟ್ಟ ಹತ್ತಿಸಿದರು. ಹೊಳೆ ದಂಡೆಗೆ ಇಳಿಸಿ ಗಿರಣಿ ಇದ್ದ ಜಾಗ ತೋರಿಸಿದರು. ಸ್ಮಶಾನಕ್ಕೆ ಕರ್ಕೊಂಡು ಹೋಗಿ ಪ್ರತಿಯೊಂದು ಕಲ್ಲಿನ ಮುಂದೆ ನಿಲ್ಲಿಸಿ, ಯಾರು ಯಾವ ಕಾಯಿಲೆಯಿಂದ ಹೋದರು, ಡಾಕ್ಟರಾಗಿ ನಿಮ್ಮ ಅಭಿಪ್ರಾಯ ಏನು ಅಂತ ಕೇಳಿದರು. ಬಿಸಿಲಲ್ಲಿ ನಿಂತು ನಮ್ಮ ಡಾಕ್ಟರ್ ಒಬ್ಬೊಬ್ಬರಿಗೂ ಕಾರಣ ಹೇಳಬೇಕಾಯಿತು. ನಾವೆಲ್ಲ ಊಟ ಮುಗಿಸಿ ಎಲೆ ಎತ್ತಿದ ಮೇಲೆ ಬೆವರು ಒರೆಸಿಕೊಳ್ತಾ ಬಂದರು.

"ಏನ್ರೀ ಅವ್ವಾರ," ಅಂದರು ನನಗೆ, "ಸತ್ತವ್ರನ್ನೂ ತಪಾಸಣೆ ಮಾಡಿಸಿದ್ರಲ್ರೀ."

೩. ಒಲೆ ಎಷ್ಟು?

ಆಗಿನ ಕಾಲದಲ್ಲಿ ಆ ಪಂಥದ ಕೆಲವು ಗಂಡಸರು ಒಬ್ಬರಿಗಿಂತ ಹೆಚ್ಚು ಜನರನ್ನ ಮದುವೆ ಆಗ್ತಿದ್ದರು. ಈ ಮನೆಯ ಯಜಮಾನನೂ ಹಾಗೇ. ಅಜ್ಜಿಗೆ ಆ ವಿಷಯ ಬಂದರೆ ಮುಜುಗರ. ದನಿ ತಗ್ಗಿಸಿ, ಒಂದೇ ಉಸಿರಿಗೆ ಹೇಳಿ, ಗಿರಣಿ ಕಲ್ಲಿಗೆ ಹೋಗಿಬಿಡ್ತಾರೆ. ಬಂದವರು ಅಲ್ಲೇ ಹಿಡಿದು ನಿಲ್ಲಿಸಿ ಏನೇನೋ ಕೇಳಿ ನಗ್ತಾರೆ, ಅದು ಅವರಿಗೆ ನೋವು. ಬೀಗ ಬೀಳುವುದೇ ವಾಸಿ ಅನ್ನಿಸುತ್ತೆ ಒಂದೊಂದು ಸಲ ಅಂತ ನನ್ನ ಹತ್ತಿರ ಹೇಳಿಕೊಂಡಿದ್ದರು.

ಡಾಲಸ್‌ನಿಂದ ನಮ್ಮ ಹಳೇ ಭಜನೆ ಮಂಡಳಿಯ ಹೆಂಗಸರು ವ್ಯಾನ್ ತುಂಬ ಬಂದರು. ಅಜ್ಜಿ ಎಂದಿನಂತೆ ದನಿ ತಗ್ಗಿಸಿ, ಈ ಮನೆಯಲ್ಲಿ ಒಬ್ಬ ಯಜಮಾನ, ಮೂವರು ಹೆಂಡತಿಯರು ಇದ್ದರು ಅಂದರು. ಯಾರೂ ನಗಲಿಲ್ಲ. ಮಂಡಳಿಯ ಹಿರಿಯ ಆಂಟಿ ಕೋಣೆಯನ್ನ ಒಂದು ಸುತ್ತು ಕಣ್ಣಲ್ಲೇ ಅಳೆದು, ಅಡುಗೆಮನೆ ಒಂದೇನಾ ಅಂತ ಕೇಳಿದರು. ಒಂದೇ ಅಂದರು ಅಜ್ಜಿ. ಒಲೆ? ಒಲೆಯೂ ಒಂದೇ. ಆಂಟಿ ದಿಗಿಲುಬಿದ್ದು ಎದೆ ಮೇಲೆ ಕೈ ಇಟ್ಟುಕೊಂಡರು.

ಅಲ್ಲಿಂದ ಶುರುವಾಯಿತು. ಉಪ್ಪು ಯಾರು ಹಾಕ್ತಿದ್ದರು, ಪಾತ್ರೆ ಯಾರು ತೊಳೀತಿದ್ದರು, ಗಂಡನಿಗೆ ಬಡಿಸೋ ಸರದಿ ಹೇಗೆ, ಮೊದಲನೇ ಹೆಂಡತಿ ಮಾಡಿದ ರೊಟ್ಟಿಗೆ ಎರಡನೇ ಹೆಂಡತಿ ಕೊಂಕು ತೆಗೆದರೆ ಮೂರನೆಯವಳು ಯಾರ ಕಡೆ. ಅಜ್ಜಿಗೆ ಇಂಥ ಪ್ರಶ್ನೆಗಳನ್ನ ಜನ್ಮದಲ್ಲಿ ಯಾರೂ ಕೇಳಿರಲಿಲ್ಲ. ಮುಜುಗರ ಎಲ್ಲಿ ಹೋಯಿತೋ, ಕೂತು ತಮ್ಮ ಮನೆತನದಲ್ಲಿ ಕೇಳಿದ್ದ ಜಗಳಗಳನ್ನೆಲ್ಲ ಬಿಚ್ಚಿದರು. ಗಿರಣಿ ಕಲ್ಲು ಯಾರಿಗೂ ಬೇಕಾಗಲಿಲ್ಲ.

ಕೊನೆಗೆ ಆಂಟಿ ನಿಟ್ಟುಸಿರು ಬಿಟ್ಟು ತೀರ್ಪು ಕೊಟ್ಟರು. "ಗಂಡನ್ನ ಬೇಕಾದ್ರೆ ಹಂಚ್ಕೋಬಹುದು ಕಣ್ರೀ. ಒಲೆ ಹಂಚ್ಕೊಳ್ಳೋಕಾಗುತ್ತಾ?"

ಇಂಗ್ಲಿಷಿನಲ್ಲಿ ಹೇಳಿದೆ. ಅಜ್ಜಿ ನಕ್ಕು ನಕ್ಕು ಗೋಡೆ ಹಿಡಿದುಕೊಂಡರು.

೪. ಬರ್ತೀವಿ

ಏನು ಮಾಡಿದರೇನು, ವರ್ಷದ ಲೆಕ್ಕ ನೋಡಿದ ಸಮಿತಿಯವರಿಗೆ ಇದು ಸಾಲಲಿಲ್ಲ. ಜನವರಿಯ ಕೊನೇ ಶನಿವಾರ ಸಂಜೆ ನಾಲ್ಕಕ್ಕೆ ಅಧ್ಯಕ್ಷರೇ ಬಂದು ಬೀಗ ಹಾಕೋದು ಅಂತ ಆಯಿತು. ನಾನೂ ಬಿಡಲಿಲ್ಲ. ಮೂರೂ ಊರಿನವರಿಗೆ ಫೋನ್ ಮಾಡಿ, ನಾಲ್ಕು ಗಂಟೆಗೆ ಅವರು ಬಂದಾಗ ಮನೆ ತುಂಬ ಜನ ಇರಬೇಕು, ಅಷ್ಟೇ ನೀವು ಮಾಡಬೇಕಾದದ್ದು ಅಂತ ಗೋಗರೆದೆ.

ಬಂದರು, ಪುಣ್ಯಾತ್ಮರು. ರಸ್ತೆ ತುಂಬ ಕಾರು. ಊಟ ಮುಗಿಸಿ ದಿಮ್ಮಿ ಮನೆಗೆ ಹೋದೆವು. ಅರ್ಧ ಗಂಟೆಯಲ್ಲಿ ನೋಡೋದೆಲ್ಲ ನೋಡಿಯಾಯಿತು. ಗಂಟೆ ಇನ್ನೂ ಮೂರು. ಹ್ಯೂಸ್ಟನ್‌ನವರಿಗೆ ದೂರದ ಚಿಂತೆ, ಡಾಲಸ್‌ನವರಿಗೆ ಟ್ರಾಫಿಕ್ ಚಿಂತೆ. ಇನ್ನೊಂದು ಗಂಟೆ ಇರಿ ಅಂತ ಎಷ್ಟು ಬೇಡಿದರೂ ಎಲ್ಲರೂ ಎದ್ದು, ಸರಿ ಹಾಗಾದ್ರೆ, ಬರ್ತೀವಿ ಅಂದುಬಿಟ್ಟರು. ಅಜ್ಜಿ ಮೂಲೆಯಲ್ಲಿ ಕುರ್ಚಿ ಮೇಲೆ ಕೂತು ಕೈ ಕಟ್ಟಿಕೊಂಡರು. ಅವರ ಮುಖ ನೋಡೋಕಾಗದೆ ನಾನು ಹೊರಗೆ ಬಂದೆ.

ಹೊರಗೆ ಬಂದು ನೋಡ್ತೀನಿ, ಜಗಲಿ ಮೇಲೆ ಎಲ್ಲರೂ ನಿಂತಿದ್ದಾರೆ. ಬರ್ತೀವಿ ಅಂದಿದ್ದಾರೆ, ಸರಿ. ಆದರೆ ಬರ್ತೀವಿ ಅಂದ ಮೇಲೆ ತಾನೇ ನಮ್ಮವರಿಗೆ ಮುಖ್ಯವಾದ ಮಾತೆಲ್ಲ ನೆನಪಾಗೋದು. ಒಬ್ಬರ ಮಗಳಿಗೆ ಗಂಡು ನೋಡ್ತಿದ್ದಾರಂತೆ, ಇನ್ನೊಬ್ಬರ ಹತ್ತಿರ ಗಂಡು ಇದೆಯಂತೆ. ಯಾರದೋ ಅಮ್ಮನ ಮೊಣಕಾಲು, ಯಾರದೋ ಸಾರಿನಪುಡಿ. ಕಾರಿನವರೆಗೆ ಹೋದವರು ಕುಂಕುಮ ಮರೆತೆ ಅಂತ ವಾಪಸ್ ಬಂದರು. ಬಂದವರನ್ನ ನೋಡಿ ಕಾರಲ್ಲಿ ಕೂತಿದ್ದವರೂ ಇಳಿದರು. ಆಸ್ಟಿನ್‌ನಿಂದ ಬಂದಿದ್ದ ಕಾಲೇಜು ವಿದ್ಯಾರ್ಥಿಗಳು ಎರಡು ಸಲ ಕಾರ್ ಸ್ಟಾರ್ಟ್ ಮಾಡಿ ಆಫ್ ಮಾಡಿದರು.

ನಾಲ್ಕಕ್ಕೆ ಸರಿಯಾಗಿ ಅಧ್ಯಕ್ಷರು ಬಂದರು. ಎತ್ತರದ ಆಳು, ತಲೆ ಮೇಲೆ ಹ್ಯಾಟು, ಕೈಯಲ್ಲಿ ಬೀಗ. ಜನ ಹೋಗಲಿ ಅಂತ ಮರ್ಯಾದೆಯಿಂದ ಮರದ ಕೆಳಗೆ ಕಾದರು. ನಾಲ್ಕೂವರೆ ಆಯಿತು. ಐದಾಯಿತು. ಹ್ಯಾಟು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಮೆಲ್ಲಗೆ ನನ್ನ ಹತ್ತಿರ ಬಂದು, ಇವರು ಯಾಕೆ ಹೊರಡ್ತಿಲ್ಲ ಅಂತ ಕೇಳಿದರು.

"ಹೊರಡ್ತಾ ಇದ್ದಾರೆ," ಅಂದೆ. "ಹೊರಡೋದು ಅಂದರೆ ಇದೇ."

ಅವರು ಏನು ತಿಳಿದುಕೊಂಡರೋ, ತಲೆ ತಗ್ಗಿಸಿದರು. ಅಷ್ಟರಲ್ಲಿ ಡಾಲಸ್ ಪಕ್ಕದ ಸೌತ್‌ಲೇಕ್‌ನಿಂದ ಬಂದಿದ್ದ ನನ್ನ ಗೆಳತಿ ಜಗಲಿ ಇಳಿದು ಬಂದಳು. ಜನವರಿಯಲ್ಲಿ ನಮ್ಮ ಗುಡ್ಡದ ಸೀಡರ್ ಮರಗಳು ಪರಾಗ ಚೆಲ್ಲುತ್ತವೆ. ಅಭ್ಯಾಸ ಇಲ್ಲದವರಿಗೆ ಅಲರ್ಜಿ ಹತ್ತಿ ಕಣ್ಣು ಮೂಗು ಹೊಳೆಯಾಗುತ್ತೆ. ಪಾಪ, ಅವಳ ಕಣ್ಣು ಕೆಂಡ. ಎರಡೂ ಕೆನ್ನೆ ಮೇಲೆ ನೀರು ಇಳೀತಿದೆ, ಸೆರಗಲ್ಲಿ ಒರೆಸ್ತಾಳೆ, ಮತ್ತೆ ಬಿಕ್ಕಿದ ಹಾಗೆ ಮೂಗು ಎಳೀತಾಳೆ. ನೇರವಾಗಿ ಹೋಗಿ ಅಧ್ಯಕ್ಷರ ಎದುರಿಗೇ ನಿಂತಳು, ಅವರ ಕಾರು ಅವಳ ಕಾರಿಗೆ ಅಡ್ಡ ಇತ್ತು.

ಅಧ್ಯಕ್ಷರು ಅವಳ ಮುಖ ನೋಡಿದರು. ಜಗಲಿ ಬಿಟ್ಟು ಹೋಗಲಾರದೆ ನಿಂತ ಜನರನ್ನ ನೋಡಿದರು. ಜೇಬಿನಿಂದ ಕರವಸ್ತ್ರ ತೆಗೆದು ಅವಳ ಕೈಗೆ ಕೊಟ್ಟು, "ಅಳಬೇಡಿ ಅಮ್ಮಾ. ಮುಚ್ಚೋದಿಲ್ಲ. ನೀವು ಯಾವಾಗ ಬೇಕಾದರೂ ಬನ್ನಿ," ಅಂದು ಬೀಗವನ್ನ ಕೋಟಿನ ಜೇಬಿಗೆ ಹಾಕಿಕೊಂಡರು. ಬಾಗಿಲಲ್ಲಿ ನಿಂತಿದ್ದ ಅಜ್ಜಿ ಬಂದು ನನ್ನನ್ನ ಅಪ್ಪಿಕೊಂಡು ಅತ್ತರು. ನಾನೂ ಅತ್ತೆ. ನನಗೆ ಸೀಡರ್ ಅಲರ್ಜಿ ಇಲ್ಲ, ಅದು ನಿಜವಾದ ಅಳು.

ಮಾರನೇ ದಿನ ಬೆಳಿಗ್ಗೆ ಗೆಳತಿಗೆ ಫೋನ್ ಮಾಡಿದೆ. ತಾಯೀ, ನಿನ್ನಿಂದ ಆ ಮನೆ ಉಳೀತು, ಅಜ್ಜಿ ನಿನ್ನನ್ನ ಜನ್ಮದಲ್ಲಿ ಮರೆಯೋದಿಲ್ಲ ಅಂದೆ. ಆ ಕಡೆಯಿಂದ ಒಂದು ಸೀನು ಬಂತು, ಇನ್ನೊಂದು ಸೀನು ಬಂತು.

"ಯಾವ ಮನೆ?" ಅಂದಳು. "ಕಾರಿಂದ ಇಳಿದಾಗಿನಿಂದ ನಂಗೆ ಕಣ್ಣು ಬಿಡೋಕೇ ಆಗಿಲ್ಲ ಕಣೇ. ಅಲ್ಲಿ ಮನೆ ಬೇರೆ ಇತ್ತಾ?"