ಭಾಷಣಕಾರನ ಚೀಲದಲ್ಲಿ ಶಾರ್ಡನೆ

ಮರ್ಯಾದಸ್ಥರಾಗಿ ಬದುಕಬೇಕೆಂದು ಹಟ ಹಿಡಿದವರಿಗೇ ಇಂಥವು ಯಾಕೆ ಗಂಟು ಬೀಳುತ್ತವೋ ಗೊತ್ತಿಲ್ಲ. ನಾನು ರೋಣದಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದ ಮಾಸ್ತರ. ನಿವೃತ್ತಿಯಾದ ಮೇಲೂ ಬಿಡದೆ ಸುತ್ತಲಿನ ಶಾಲೆಗಳಿಗೆ ಹೋಗಿ ಕುಡಿತದ ಕೆಡುಕಿನ ಮೇಲೆ ಭಾಷಣ ಮಾಡುತ್ತೇನೆ. ಕರೆದ ಶಾಲೆಗಳಿಗಿಂತ ಕರೆಯದ ಶಾಲೆಗಳಿಗೇ ಹೆಚ್ಚು ಹೋಗಿದ್ದೇನೆ.

೧. ಗುರುಕಾಣಿಕೆ

ಗಜೇಂದ್ರಗಡದಲ್ಲಿ ಭಾಷಣ ಮುಗಿಸಿ ಬಸ್ ಸ್ಟ್ಯಾಂಡಿಗೆ ಬಂದೆ. ಹಡಗಿನಲ್ಲಿ ಅಡುಗೆ ಮಾಡುವ ಹಳೆಯ ಶಿಷ್ಯನೊಬ್ಬ ರಜೆಗೆ ಬಂದಿದ್ದ. ಕಾಲಿಗೆ ಬಿದ್ದು ಒಂದು ಬಾಟಲಿ ಕೈಗಿತ್ತ. ಹೆಸರು ಶಾರ್ಡನೆಯಂತೆ. ಸಮುದ್ರದಂಡೆಯ ತಂಪು ಸೀಮೆಯ ದ್ರಾಕ್ಷಿ, ಓಕ್ ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಇಟ್ಟ ವೈನು, ಕಪ್ತಾನ ಕೊಟ್ಟದ್ದು. ಯಾರಾದರೂ ನೋಡಿದರೇನು ಗತಿಯೆಂದು ಸುತ್ತ ಕಣ್ಣಾಡಿಸಿದೆ.

"ಸರ್, ಸಾಲ್ಯಾಗ ನಿಮಗ ಮಾತು ಕೊಟ್ಟೀನಿ, ಇನ್ನೂತನಕ ಒಂದು ಹನಿ ಮುಟ್ಟಿಲ್ರಿ," ಎಂದ. "ಮನ್ಯಾಗಿಟ್ರ ಅಣ್ಣ ಕುಡೀತಾನ. ಇದು ಸುರಕ್ಷಿತ ಇರೂದು ನಿಮ್ಮ ಕಡೆ ಅಷ್ಟ."

ಹೊಗಳಿಕೆಗೆ ಉಬ್ಬಿ ಚೀಲಕ್ಕೆ ಹಾಕಿಕೊಂಡೆ. ಸುತ್ತಲು ಬೇರೆ ಕಾಗದವಿರಲಿಲ್ಲ, ಭಾಷಣದ ಹಾಳೆಗಳಲ್ಲೇ ಸುತ್ತಿದೆ.

೨. ಕುಸುಬೆ ಎಣ್ಣೆ

ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತವರು ನಮ್ಮ ಓಣಿಯ ಕಡಲೆ ವ್ಯಾಪಾರಿ. ಚೀಲದೊಳಗೆ ಇಣುಕಿ ಅದೇನೆಂದು ಕೇಳಿದರು. ಸುತ್ತಿದ ಹಾಳೆ ಸರಿದು ಒಳಗಿನ ಬಣ್ಣ ಹೊನ್ನಿನಂತೆ ಹೊಳೆಯುತ್ತಿತ್ತು, ಬಾಯಿಗೆ ಬಂದದ್ದು ಹೇಳಿದೆ. ಸೂಡಿಯ ಗಾಣದಲ್ಲಿ ತೆಗೆಸಿದ ಕುಸುಬೆ ಎಣ್ಣೆ ಅಂದೆ.

ಮರುದಿನ ಬೆಳಿಗ್ಗೆ ಅವರು ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮೊಣಕಾಲು ನೋವಂತೆ, ಗಾಣದೆಣ್ಣೆ ತಿಕ್ಕಿದರೆ ಚಲೋ ಅಂತೆ. ಅಡುಗೆಮನೆಯ ಡಬ್ಬಿಯಿಂದ ಕದ್ದು ತುಂಬಿಸಿ ಕೊಟ್ಟೆ. ಅದು ಅಂಗಡಿಯ ಶೇಂಗಾ ಎಣ್ಣೆ. ವಾರದ ಮೇಲೆ ಮೆಟ್ಟಿಲನ್ನು ಸರಸರ ಹತ್ತಿ ಬಂದರು, ಹಿಂದೆ ಶಿರೋಳದ ಇಬ್ಬರು ಬೀಗರು, ಅವರ ಕೈಯಲ್ಲೂ ಬಟ್ಟಲು. ಮಾಸ್ತರ ಎಣ್ಣೆಯ ಗುಣವೇ ಬೇರೆ ಎಂದು ಊರೆಲ್ಲ ಸುದ್ದಿ. ಮೂವತ್ತು ವರ್ಷ ಖರೇ ಹೇಳಿ ಬಾರದ ಹೆಸರು ಒಂದು ಸುಳ್ಳಿಗೆ ಬಂತು.

೩. ಪ್ರಯೋಗ

ಡಬ್ಬಿ ಬರಿದಾದದ್ದು ಹೆಂಡತಿಗೆ ತಿಳಿಯಿತು. ಎಣ್ಣೆ ಎಲ್ಲಿ ಹೋಯಿತೆಂದು ಮನೆಯೆಲ್ಲ ತಡಕಾಡಿದಾಗ ಜೋಳದ ಚೀಲದಲ್ಲಿ ಬಾಟಲಿ ಸಿಕ್ಕಿತು. ನಾನು ಎಲ್ಲವನ್ನೂ ಒಪ್ಪಿಕೊಂಡೆ. ಚೆಲ್ಲಿಬಿಡಿ ಎಂದಳು. ಚೆಲ್ಲುವುದೆಲ್ಲಿ? ನಮ್ಮ ಗಟಾರ ಹರಿಯುವುದು ವ್ಯಾಪಾರಿಯ ಬಾಗಿಲ ಮುಂದೆ, ವಾಸನೆ ಬಂದರೆ ನನ್ನ ಮಾನ ಹೋಯಿತು. ಅದೂ ಅಲ್ಲದೆ, ರುಚಿಯೇ ಗೊತ್ತಿಲ್ಲದ ಪದಾರ್ಥವನ್ನು ಮೂವತ್ತು ವರ್ಷ ಬೈದೆನಲ್ಲ ಎಂದು ಒಳಗೊಳಗೆ ನಾಚಿಕೆಯಾಗಿತ್ತು. ವಿಜ್ಞಾನದ ಮಾಸ್ತರ ಪ್ರಯೋಗ ಮಾಡಬೇಕು ಎಂದೆ.

ಮಧ್ಯಾಹ್ನ ಬಾಗಿಲು ಹಾಕಿ, ಬೂಚಿಗೆ ಸ್ಕ್ರೂ ತಿರುಗಿಸಿ ಇಕ್ಕಳದಿಂದ ಜಗ್ಗಿದೆ. ಬೆಣ್ಣೆ, ನಿಂಬೆ, ಸುಟ್ಟ ಕಟ್ಟಿಗೆಯ ಪರಿಮಳವಿದೆ ಎಂದು ಬಾಟಲಿಗೆ ಅಂಟಿಸಿದ ಚೀಟಿಯಲ್ಲಿ ಬರೆದದ್ದನ್ನು ಓದಿ ಹೇಳಿದೆ. ಅವೆಲ್ಲ ನಮ್ಮ ಅಡುಗೆಮನೆಯಲ್ಲೇ ಇವೆಯಲ್ಲ ಎಂದಳು. ಸ್ಟೀಲ್ ಲೋಟದಲ್ಲಿ ನಾನೊಂದು ಗುಟುಕು ಕುಡಿದೆ. ಹುಳಿಗೆ ಕಣ್ಣು ಮುಚ್ಚಿದವು, ನಾಲಿಗೆಗೆ ಬಾಗಿಲ ಚೌಕಟ್ಟು ನೆಕ್ಕಿದಂತಾಯಿತು. ಅವಳೂ ಒಂದು ಚಮಚ ಬಾಯಿಗೆ ಹಾಕಿಕೊಂಡು ಮುಖ ಕಿವುಚಿದಳು.

"ಮೂವತ್ತು ವರ್ಷ ಭಾಷಣ ಮಾಡಿ ಒಬ್ಬ ಹುಡುಗನ್ನ ಉಳಿಸಿದ್ರಿ," ಎಂದಳು. "ಸಾಲ್ಯಾಗ ಎಲ್ಲಾರಿಗೂ ಇದನ್ನ ಒಂದೊಂದು ಚಮಚ ಹಾಕಿದ್ರ ಇಡೀ ತಾಲೂಕ ಉಳೀತಿತ್ತಲ್ರಿ."